ಬಾಯಿಯ ಬಿಳಿ ಮಚ್ಚೆಗೆ ಯಾವ ಸ್ಟೇನ್ ಒಳ್ಳೆಯದು? ಸರಿಯಾಗಿ ಹೋಲಿಸುವ ವಿಧಾನ

ಹಾಸನ, ಚಿಕ್ಕಮಗಳೂರು ಕಡೆ ಬಾಯಿ ತಪಾಸಣೆ ಕ್ಯಾಂಪಿಗೆ ಹೋದವರಿಗೆ ಇದು ಗೊತ್ತಿರುತ್ತದೆ. ತೋಟದ ಲೈನ್ ಮನೆಗಳಲ್ಲಿ, ಅಡಿಕೆ ಸುಲಿಯುವ ಅಂಗಳದಲ್ಲಿ, ಅರಕಲಗೂಡು ಕಡೆಯ ಹೊಗೆಸೊಪ್ಪಿನ ಊರುಗಳಲ್ಲಿ ಕೆನ್ನೆಯ ಒಳಗೆ ಬಿಳಿ ಮಚ್ಚೆ ಇರುವವರು ಸಿಕ್ಕೇ ಸಿಗುತ್ತಾರೆ. ಕೆಲವರಿಗೆ ಖಾರ ತಿಂದರೆ ಉರಿ. ಕೆಲವರಿಗೆ ಬಾಯಿ ಎರಡು ಬೆರಳಿಗಿಂತ ಜಾಸ್ತಿ ತೆರೆಯುವುದಿಲ್ಲ. ಎಲ್ಲರಿಗೂ ಅವತ್ತೇ ಬಯಾಪ್ಸಿ (ಚೂರು ಕೊಯ್ದು ಮಾಡುವ ಪರೀಕ್ಷೆ) ಮಾಡಲು ಆಗುವುದಿಲ್ಲ, ಎಲ್ಲರೂ ಒಪ್ಪುವುದೂ ಇಲ್ಲ. ಹಾಗಾಗಿ ಮಚ್ಚೆಯ ಮೇಲಿಂದ ಜೀವಕೋಶ ಕೆರೆದು, ಸ್ಲೈಡಿಗೆ ಹಚ್ಚಿ (ಇದೇ ಸ್ಮಿಯರ್), ಬಣ್ಣ ಅಂದರೆ ಸ್ಟೇನ್ ಹಾಕಿ ನೋಡುತ್ತೇವೆ.

ಯಾವ ಬಣ್ಣ ಹಾಕಬೇಕು ಅನ್ನುವುದು ಡೆಂಟಲ್ ವಿದ್ಯಾರ್ಥಿಗಳೂ ಲ್ಯಾಬ್ ಟೆಕ್ನಿಷಿಯನ್‌ಗಳೂ ಪದೇ ಪದೇ ಕೇಳುವ ಪ್ರಶ್ನೆ. ಪ್ಯಾಪ್, ಜೀಮ್ಸಾ, ಎಚ್ ಅಂಡ್ ಇ (ಹೆಮಟಾಕ್ಸಿಲಿನ್, ಇಯೋಸಿನ್), ಫೂಲ್ಗನ್, ಬೆಳ್ಳಿ ಸ್ಟೇನ್ ಎಲ್ಲವನ್ನೂ ಹೋಲಿಸಿ ಪ್ರಾಜೆಕ್ಟ್ ಮಾಡುವವರೂ ಇದ್ದಾರೆ. ನಾನು ಕಂಡ ಹಾಗೆ ಹೋಲಿಕೆ ಕೆಡುವುದು ಬಣ್ಣದ ಜಾಡಿಯಲ್ಲಿ ಅಲ್ಲ, ಅದಕ್ಕೂ ಮುಂಚೆ. ಕೆರೆದ ರೀತಿ, ಸ್ಲೈಡಿನ ಸರದಿ, ಫಿಕ್ಸ್ ಮಾಡಿದ (ಕೋಶ ಕೆಡದಂತೆ ಹಿಡಿದಿಟ್ಟ) ಸಮಯ, ತೊಳೆದ ನೀರು ಇವುಗಳಲ್ಲೇ ಸೋಲು ಗೆಲುವು ತೀರ್ಮಾನ ಆಗಿಬಿಟ್ಟಿರುತ್ತದೆ. ಆಮೇಲೆ ನಾವು ಸುಮ್ನೆ ಸ್ಟೇನ್ ಹೆಸರು ಹೇಳುತ್ತೇವೆ. ಅದಕ್ಕೇ ಇಲ್ಲಿ ಆ ಭಾಗಗಳನ್ನು ಹೆಚ್ಚು ಬಿಡಿಸಿ ಬರೆದಿದ್ದೇನೆ.

ಹಂತ 1: ನಿಮ್ಮ ಪ್ರಶ್ನೆ ಯಾವುದು?

"ಯಾವ ಸ್ಟೇನ್ ಚೆನ್ನಾಗಿದೆ" ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಕೋಶದ ಆಕಾರ ನೋಡಿ ಡಿಸ್ಪ್ಲೇಸಿಯಾ (ಕ್ಯಾನ್ಸರಿಗೆ ತಿರುಗಬಹುದಾದ ಕೋಶ ಬದಲಾವಣೆ) ಅನುಮಾನ ಇದೆಯೇ ಎಂದು ಹೇಳಬೇಕಾ? ಅದಕ್ಕೆ ಪ್ಯಾಪ್. ತಂಬಾಕಿನಿಂದ ಡಿಎನ್‌ಎಗೆ ಆದ ಪೆಟ್ಟು ನೋಡಲು ಮೈಕ್ರೋನ್ಯೂಕ್ಲಿಯಸ್ (ಮುಖ್ಯ ನ್ಯೂಕ್ಲಿಯಸ್ ಪಕ್ಕ ಕಾಣುವ ಪುಟ್ಟ ಚೂರು) ಎಣಿಸಬೇಕಾ? ಅದಕ್ಕೆ ಫೂಲ್ಗನ್‌ನಂಥ ಡಿಎನ್‌ಎಗೇ ಅಂಟುವ ಬಣ್ಣ ಬೇಕು. ಕೋಶಗಳು ಎಷ್ಟು ಜೋರಾಗಿ ವಿಭಜನೆ ಆಗುತ್ತಿವೆ ಎನ್ನುವ ಸುಳಿವು ಬೇಕಾ? ಅದು ಬೆಳ್ಳಿ ಸ್ಟೇನಿನ ಕೆಲಸ. ಹೋಲಿಕೆಗೆ ಒಂದೇ ಪ್ರಶ್ನೆ ಇಟ್ಟುಕೊಳ್ಳಿ, ಅದನ್ನು ಮೊದಲೇ ಬರೆದಿಡಿ. ಕಾಲೇಜಿನ ಎಥಿಕ್ಸ್ ಕಮಿಟಿಯ ಅನುಮತಿ, ಕನ್ನಡದಲ್ಲೇ ಬರೆದ ಒಪ್ಪಿಗೆ ಪತ್ರ ಎರಡೂ ಈ ಹಂತದಲ್ಲೇ ಆಗಬೇಕು.

ಹಂತ 2: ಯಾರಿಗೆ ಸ್ಮಿಯರ್, ಯಾರಿಗೆ ನೇರ ಬಯಾಪ್ಸಿ

ಗಟ್ಟಿಯಾದ ಹುಣ್ಣು, ಕೈಯಿಂದ ಮುಟ್ಟಿದರೆ ರಕ್ತ ಬರುವ ಗಡ್ಡೆ, ಕತ್ತಿನಲ್ಲಿ ಗಂಟು ಇದ್ದವರಿಗೆ ಸ್ಮಿಯರ್ ಮಾಡಿಕೊಂಡು ಕೂರಬೇಡಿ. ಅವರಿಗೆ ಬೇಕಿರುವುದು ಬಯಾಪ್ಸಿ, ಅದೂ ಬೇಗ. ಕೆಂಪು ಮಚ್ಚೆ, ಅಂದರೆ ಎರಿಥ್ರೋಪ್ಲೇಕಿಯಾ, ನೋಡಲು ಸಣ್ಣದಿದ್ದರೂ ಅಪಾಯ ಜಾಸ್ತಿ. ಬಿಳಿಯ ಜೊತೆ ಕೆಂಪು ಬೆರೆತ ಮಚ್ಚೆಯೂ ಹಾಗೆಯೇ. ಇವರ ಸ್ಮಿಯರ್ ತೆಗೆದುಕೊಂಡರೂ ಬಯಾಪ್ಸಿ ಬಿಡುವಂತಿಲ್ಲ.

ಒಂದು ವಿಷಯ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಅಮೆರಿಕನ್ ಡೆಂಟಲ್ ಅಸೋಸಿಯೇಷನ್ 2017ರ ಮಾರ್ಗಸೂಚಿಯಲ್ಲಿ, ಅನುಮಾನ ಇರುವ ಮಚ್ಚೆಗೆ ಸ್ಮಿಯರನ್ನು ಬಯಾಪ್ಸಿಯ ಬದಲು ಬಳಸಬೇಡಿ ಎಂದೇ ಹೇಳಿದೆ. ರೋಗಿ ಬಯಾಪ್ಸಿಗೆ ಒಪ್ಪದಿದ್ದಾಗ ಸ್ಮಿಯರ್ ಮಾಡಬಹುದು, ಅದರಲ್ಲಿ ಏನಾದರೂ ಕಂಡರೆ ಬಯಾಪ್ಸಿಗೆ ಒಪ್ಪಿಸಲು ಅದು ನೆರವಾಗುತ್ತದೆ. ನಮ್ಮ ಕಡೆ ಅದರ ನಿಜವಾದ ಉಪಯೋಗವೂ ಇಷ್ಟೇ. "ಕೊಯ್ಯೋದು ಬೇಡ ಸಾರ್" ಎನ್ನುವ ಕೂಲಿ ಹೆಂಗಸಿಗೆ ಬ್ರಷ್ಷಿನಿಂದ ಉಜ್ಜಿಸಿಕೊಳ್ಳಲು ಭಯ ಇರುವುದಿಲ್ಲ.

ಕಣ್ಣಿನ ತಪಾಸಣೆಯನ್ನೂ ಕಡೆಗಣಿಸಬೇಡಿ. ತಿರುವನಂತಪುರದಲ್ಲಿ ನಡೆದ ದೊಡ್ಡ ಅಧ್ಯಯನದಲ್ಲಿ ತರಬೇತಾದ ಆರೋಗ್ಯ ಕಾರ್ಯಕರ್ತರು ಬರೀ ಬಾಯಿ ತೆರೆಸಿ ನೋಡಿದರು. 2005ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಅದರ ಫಲಿತಾಂಶದ ಪ್ರಕಾರ, ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇ. 34ರಷ್ಟು ಕಡಿಮೆ ಆಯಿತು. ಅಲ್ಲಿ ಯಾವ ಸ್ಟೇನೂ ಇರಲಿಲ್ಲ. ಮೊದಲು ಟಾರ್ಚ್ ಹಿಡಿದು ಸರಿಯಾಗಿ ನೋಡುವುದನ್ನು ಕಲಿಯೋಣ.

ಹಂತ 3: ಕೆರೆದು ತೆಗೆಯುವುದು

ಮೊದಲು ಬಾಯಿ ಸ್ವಚ್ಛ ಆಗಬೇಕು. "ಅಮ್ಮಾ, ಬಾಯಲ್ಲಿರೋದನ್ನ ಉಗಿದುಬಿಟ್ಟು ಎರಡು ಮೂರು ಸಲ ನೀರು ಮುಕ್ಕಳಿಸಿ" ಎಂದು ಹೇಳಿ. ಎಲೆ ಅಡಿಕೆಯ ಚೂರು, ಸುಣ್ಣ, ಕಡ್ಡಿಪುಡಿ ಸ್ಲೈಡಿನ ಮೇಲೆ ಕೂತರೆ ಯಾವ ಸ್ಟೇನೂ ಅದನ್ನು ಮರೆಮಾಡುವುದಿಲ್ಲ. ಆಮೇಲೆ ಗಾಜ್ ತುಂಡಿನಿಂದ ಮಚ್ಚೆಯ ಮೇಲಿನ ಜೊಲ್ಲನ್ನು ಒತ್ತಿ ತೆಗೆಯಿರಿ, ಉಜ್ಜಬೇಡಿ. ಜೊಲ್ಲು ತೆಗೆಯುವಾಗ ಬಿಳಿ ಪದರ ಎದ್ದು ಬಂದರೆ ಅದು ಲ್ಯೂಕೋಪ್ಲೇಕಿಯಾ (ಒರೆಸಿದರೂ ಹೋಗದ ಬಿಳಿ ಮಚ್ಚೆ) ಅಲ್ಲ, ಬಾಯಿಯ ಫಂಗಸ್ ಇರಬಹುದು. ಅದನ್ನು ಹಾಗೆಯೇ ಬರೆದುಕೊಳ್ಳಿ.

ಮರದ ಸ್ಪ್ಯಾಚುಲಾ ಮೇಲ್ಪದರದ ಕೋಶಗಳನ್ನಷ್ಟೇ ತರುತ್ತದೆ. ಲ್ಯೂಕೋಪ್ಲೇಕಿಯಾದಲ್ಲಿ ಮೇಲ್ಪದರ ಅಂದರೆ ಕೆರಾಟಿನ್, ಉಗುರಿನಲ್ಲಿರುವಂಥ ಗಟ್ಟಿ ವಸ್ತು. ನ್ಯೂಕ್ಲಿಯಸ್ಸೇ ಇಲ್ಲದ ಹಾಳೆಯಂಥ ಕೋಶಗಳು ಸ್ಲೈಡ್ ತುಂಬ ಬಂದು, ಕೆಳಗಿನ ಪದರದಲ್ಲಿ ಏನಾಗುತ್ತಿದೆ ಎನ್ನುವುದು ಗೊತ್ತೇ ಆಗುವುದಿಲ್ಲ. ಡಿಸ್ಪ್ಲೇಸಿಯಾ ಶುರುವಾಗುವುದು ತಳದ ಪದರದಿಂದ. ಆದ್ದರಿಂದ ಗಟ್ಟಿ ಎಳೆಯ ಸೈಟೋಬ್ರಷ್ ಬಳಸಿ. ಬ್ರಷ್ಷನ್ನು ಮಚ್ಚೆಯ ಮೇಲೆ ಒತ್ತಿ ಹಿಡಿದು ಒಂದೇ ಜಾಗದಲ್ಲಿ ತಿರುಗಿಸುತ್ತಾ ಹೋಗಿ. ಸ್ವಲ್ಪ ಹೊತ್ತಿಗೆ ಆ ಜಾಗ ಗುಲಾಬಿ ಆಗುತ್ತದೆ, ಸೂಜಿ ಮೊನೆಯಷ್ಟು ರಕ್ತದ ಚುಕ್ಕೆಗಳು ಕಾಣಿಸುತ್ತವೆ. ಆಳ ಮುಟ್ಟಿತು ಎನ್ನುವುದಕ್ಕೆ ಅದೇ ಗುರುತು. ಅಲ್ಲಿಗೆ ನಿಲ್ಲಿಸಿ. ರಕ್ತ ಜಾಸ್ತಿ ಬಂದರೆ ಕೋಶಗಳು ಅದರಲ್ಲಿ ಮುಳುಗಿಹೋಗುತ್ತವೆ. ಸಬ್‌ಮ್ಯೂಕಸ್ ಫೈಬ್ರೋಸಿಸ್ ಇರುವವರಲ್ಲಿ ಬಾಯಿ ಸರಿಯಾಗಿ ತೆರೆಯುವುದಿಲ್ಲ, ಕೆನ್ನೆ ಹಲಗೆಯ ಹಾಗೆ ಬಿಗಿದಿರುತ್ತದೆ, ಕೋಶ ಕಡಿಮೆ ಬರುತ್ತವೆ. ಅವರಿಗೆ ಉರಿಯೂ ಇರುತ್ತದೆ, ಆತುರ ಮಾಡಬೇಡಿ.

ಈಗ ಹೋಲಿಕೆಯಲ್ಲಿ ಎಲ್ಲರೂ ಎಡವುವ ಜಾಗಕ್ಕೆ ಬರೋಣ. ಒಂದೇ ಬ್ರಷ್ಷಿನಿಂದ ಮೂರು ಸ್ಲೈಡ್ ಮಾಡುತ್ತೀರಿ. ಮೊದಲ ಸ್ಲೈಡಿಗೆ ಕೋಶ ಜಾಸ್ತಿ ಹೋಗುತ್ತದೆ, ಮೂರನೆಯದಕ್ಕೆ ಉಳಿದದ್ದು. ಪ್ರತಿ ಸಲವೂ ಮೊದಲ ಸ್ಲೈಡ್ ಪ್ಯಾಪ್‌ಗೆ ಕೊಟ್ಟರೆ ಪ್ಯಾಪ್ ಗೆಲ್ಲದೆ ಇನ್ನೇನಾಗುತ್ತದೆ, ಅಲ್ವಾ? ಸರದಿ ಬದಲಾಯಿಸಿ. ಮೊದಲ ರೋಗಿಗೆ ಪ್ಯಾಪ್, ಜೀಮ್ಸಾ, ಫೂಲ್ಗನ್. ಎರಡನೆಯವರಿಗೆ ಜೀಮ್ಸಾ, ಫೂಲ್ಗನ್, ಪ್ಯಾಪ್. ಮೂರನೆಯವರಿಗೆ ಫೂಲ್ಗನ್, ಪ್ಯಾಪ್, ಜೀಮ್ಸಾ. ಕ್ಯಾಂಪಿಗೆ ಹೊರಡುವ ಮುಂಚೆಯೇ ಈ ಪಟ್ಟಿ ಬರೆದು, ಸ್ಲೈಡುಗಳ ಮೇಲೆ ಪೆನ್ಸಿಲ್‌ನಲ್ಲಿ ಕೋಡ್ ಹಾಕಿಟ್ಟುಕೊಳ್ಳಿ. ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗಿಹೋಗುತ್ತದೆ. ಬ್ರಷ್ಷನ್ನು ದ್ರವದ ಬಾಟಲಿಯಲ್ಲಿ ತೊಳೆದು ಸಮನಾದ ಸ್ಲೈಡ್ ಮಾಡುವ ಪದ್ಧತಿಯೂ ಇದೆ, ಆದರೆ ಆ ದ್ರವದಲ್ಲಿ ಆಲ್ಕೋಹಾಲ್ ಇದ್ದರೆ ಗಾಳಿಯಲ್ಲಿ ಒಣಗಿಸುವ ಜೀಮ್ಸಾಗೆ ಅದು ಸರಿಹೋಗುವುದಿಲ್ಲ.

ಹಂತ 4: ಫಿಕ್ಸಿಂಗ್

ಪ್ಯಾಪ್, ಎಚ್ ಅಂಡ್ ಇ ಸ್ಲೈಡುಗಳು ಒದ್ದೆಯಾಗಿರುವಾಗಲೇ ಶೇ. 95ರ ಈಥೈಲ್ ಆಲ್ಕೋಹಾಲಿಗೆ ಇಳಿಯಬೇಕು. ಸೆಕೆಂಡುಗಳ ಲೆಕ್ಕ ಇದು. ಜಾಡಿಯ ಮುಚ್ಚಳ ತೆಗೆದಿಟ್ಟು, ಅದನ್ನು ರೋಗಿಯ ಪಕ್ಕದಲ್ಲೇ ಇಟ್ಟುಕೊಂಡು ಕೆಲಸ ಮಾಡಿ. ಕನಿಷ್ಠ 15 ನಿಮಿಷ ಅದರಲ್ಲಿರಲಿ. ಸ್ಪ್ರೇ ಬಳಸುವುದಾದರೆ ಒಂದಡಿ ದೂರದಿಂದ ಹೊಡೆಯಿರಿ, ಹತ್ತಿರದಿಂದ ಹೊಡೆದರೆ ಕೋಶಗಳು ಹಾರಿಹೋಗುತ್ತವೆ.

ಜೀಮ್ಸಾ ಸ್ಲೈಡಿನದು ಇದಕ್ಕೆ ಪೂರ್ತಿ ಉಲ್ಟಾ. ಅದು ಬೇಗ ಒಣಗಬೇಕು, ಆಮೇಲೆ ಮೆಥನಾಲ್. ಮಳೆಗಾಲದಲ್ಲಿ ಮೂಡಿಗೆರೆ, ಸಕಲೇಶಪುರ ಕಡೆ ಸ್ಲೈಡ್ ಒಣಗುವುದೇ ಇಲ್ಲ. ನಿಧಾನವಾಗಿ ಒಣಗಿದ ಕೋಶದ ನ್ಯೂಕ್ಲಿಯಸ್ ಮಸುಕಾಗುತ್ತದೆ. ಚಿಕ್ಕ ಫ್ಯಾನ್ ಒಯ್ಯಿರಿ. ಕರೆಂಟ್ ನಂಬಬೇಡಿ, ಬ್ಯಾಟರಿಯದ್ದೇ ಇರಲಿ.

ಅಳತೆ ಮಾಡುವವರು ಇದನ್ನು ಗಮನಿಸಿ. ಗಾಳಿಯಲ್ಲಿ ಒಣಗಿದ ಕೋಶ ಗಾಜಿನ ಮೇಲೆ ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ, ಆಲ್ಕೋಹಾಲಿಗೆ ಬಿದ್ದ ಕೋಶ ಕುಗ್ಗುತ್ತದೆ. ಒಂದೇ ಕೆನ್ನೆಯ ಕೋಶ ಜೀಮ್ಸಾದಲ್ಲಿ ದೊಡ್ಡದು, ಪ್ಯಾಪ್‌ನಲ್ಲಿ ಚಿಕ್ಕದು. ಹಾಗಾಗಿ ಒಂದರ ನ್ಯೂಕ್ಲಿಯಸ್ ಅಳತೆಯನ್ನು ಇನ್ನೊಂದರ ಪಕ್ಕ ಇಟ್ಟು ಹೋಲಿಸಿದರೆ ಅರ್ಥವೇ ಇಲ್ಲ. ಪ್ರತಿ ಸ್ಟೇನಿಗೂ ಅದೇ ರೋಗಿಯ ಸಹಜ ಕೆನ್ನೆಯಿಂದ ಒಂದು ಸ್ಲೈಡ್ ಮಾಡಿ, ಅದರ ಜೊತೆ ಹೋಲಿಸಿ.

ಹಂತ 5: ನೀರನ್ನು ನೋಡಿ

ನಮ್ಮ ಎರಡು ಜಿಲ್ಲೆಗಳಲ್ಲಿ ಎರಡು ಬಗೆಯ ನೀರು ಇದೆ. ಕಡೂರು, ಅರಸೀಕೆರೆ ಬಯಲುಸೀಮೆ, ಅಲ್ಲಿ ಬೋರ್‌ವೆಲ್ಲಿನ ಗಡುಸು ನೀರು. ಕೊಪ್ಪ, ಶೃಂಗೇರಿ, ಮೂಡಿಗೆರೆ ಮಲೆನಾಡು, ಅಲ್ಲಿ ಮೆದು ನೀರು. ಸ್ಟೇನಿಂಗ್‌ನಲ್ಲಿ ಈ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ಹೆಮಟಾಕ್ಸಿಲಿನ್ ಹಾಕಿದ ಮೇಲೆ ನ್ಯೂಕ್ಲಿಯಸ್ ಮೊದಲು ಕೆಂಪು ನೇರಳೆ ಇರುತ್ತದೆ. ಅದು ನೀಲಿಗೆ ತಿರುಗಲು ಸ್ವಲ್ಪ ಕ್ಷಾರ ಗುಣದ ನೀರು ಬೇಕು. ಗಡುಸು ನೀರಿನಲ್ಲಿ ಅದು ತಾನಾಗಿಯೇ ಆಗುತ್ತದೆ. ಮೆದು ನೀರಿನಲ್ಲಿ ಎಷ್ಟು ತೊಳೆದರೂ ಕೆಂಪಾಗಿಯೇ ಉಳಿಯಬಹುದು, ಕ್ರೊಮಾಟಿನ್ (ನ್ಯೂಕ್ಲಿಯಸ್ ಒಳಗಿನ ಡಿಎನ್‌ಎ ಎಳೆಗಳು) ಬಿಡಿಸಿ ಕಾಣುವುದಿಲ್ಲ. ಹಾಗಾಗಿ ನಲ್ಲಿಯ ನೀರನ್ನು ನಂಬದೆ, ಸ್ಕಾಟ್ ದ್ರಾವಣ ಮಾಡಿಟ್ಟುಕೊಳ್ಳಿ. ಒಂದು ಲೀಟರ್ ನೀರಿಗೆ 20 ಗ್ರಾಂ ಮೆಗ್ನೀಸಿಯಂ ಸಲ್ಫೇಟ್, 2 ಗ್ರಾಂ ಸೋಡಿಯಂ ಬೈಕಾರ್ಬೊನೇಟ್. ಅಷ್ಟೇ.

ಜೀಮ್ಸಾಗೆ ಗಡುಸು ನೀರೇ ಶತ್ರು. ಅದರಲ್ಲಿ ಕಲಸಿದರೆ ಸ್ಲೈಡ್ ಪೂರ್ತಿ ನೀಲಿ ಬಳಿದುಕೊಳ್ಳುತ್ತದೆ. ಪಿಎಚ್ 6.8ರ ಬಫರ್ ಬಳಸಲೇಬೇಕು. ಬೆಳ್ಳಿ ಸ್ಟೇನಿಗಂತೂ ನಲ್ಲಿ ನೀರು ಸೋಕಬಾರದು. ನೀರಿನ ಕ್ಲೋರೈಡ್ ಬೆಳ್ಳಿಯ ಜೊತೆ ಸೇರಿ ಪುಡಿ ಕೂರುತ್ತದೆ, ಆ ಪುಡಿಯನ್ನೇ ಚುಕ್ಕೆ ಎಂದು ಎಣಿಸಿಬಿಡುತ್ತೇವೆ. ಡಿಅಯನೈಸ್ಡ್ ನೀರು ಮಾತ್ರ.

ಪ್ರತಿ ಬ್ಯಾಚಿನ ಜೊತೆ ನಿಮ್ಮದೇ ಕೆನ್ನೆಯ ಒಂದು ಸ್ಲೈಡ್ ಹಾಕಿ. ಅದು ಸರಿ ಬಂದಿಲ್ಲ ಅಂದರೆ ಆ ಬ್ಯಾಚನ್ನು ಹೋಲಿಕೆಗೆ ಸೇರಿಸಬೇಡಿ.

ಹಂತ 6: ಒಂದೊಂದೇ ಸ್ಟೇನ್

ಪ್ಯಾಪ್. ಜಾರ್ಜ್ ಪಾಪನಿಕೊಲಾವ್ ಗರ್ಭಕೊರಳಿನ ಕೋಶಗಳಿಗೆಂದು ರೂಪಿಸಿದ ವಿಧಾನ. ಬಾಯಿಯ ಒಳಪದರವೂ ಅದೇ ಜಾತಿಯ ಚಪ್ಪಟೆ ಕೋಶಗಳದ್ದು, ಆದ್ದರಿಂದ ಇಲ್ಲೂ ಚೆನ್ನಾಗಿ ಒಪ್ಪುತ್ತದೆ. ಸ್ಲೈಡನ್ನು ಆಲ್ಕೋಹಾಲಿನಿಂದ ಹಂತ ಹಂತವಾಗಿ ನೀರಿಗೆ ತನ್ನಿ. ಹ್ಯಾರಿಸ್ ಹೆಮಟಾಕ್ಸಿಲಿನ್ 3ರಿಂದ 5 ನಿಮಿಷ. ತೊಳೆದು, ಶೇ. 0.5ರ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಒಂದೆರಡು ಅದ್ದು, ಆಮೇಲೆ ಸ್ಕಾಟ್ ದ್ರಾವಣ. ಮತ್ತೆ ಶೇ. 95ರ ಆಲ್ಕೋಹಾಲಿಗೆ ಏರಿಸಿ, ಓಜಿ-6ರಲ್ಲಿ (ಕಿತ್ತಳೆ ಬಣ್ಣ) ಸುಮಾರು 2 ನಿಮಿಷ. ಎರಡು ಸಲ ಆಲ್ಕೋಹಾಲ್. ಇಎ-50ರಲ್ಲಿ (ಹಸಿರು, ಗುಲಾಬಿ ಬಣ್ಣಗಳ ಮಿಶ್ರಣ) 3ರಿಂದ 5 ನಿಮಿಷ. ಮತ್ತೆ ಆಲ್ಕೋಹಾಲ್, ಕೊನೆಗೆ ಝೈಲೀನ್, ಡಿಪಿಎಕ್ಸ್ ಅಂಟು ಹಾಕಿ ಕವರ್ ಸ್ಲಿಪ್. ಝೈಲೀನ್ ಕೆಲಸ ಕಿಟಕಿ ತೆರೆದಿಟ್ಟು ಮಾಡಿ.

ಸರಿಯಾಗಿ ಬಂದ ಪ್ಯಾಪ್ ಸ್ಲೈಡನ್ನು ಕಣ್ಣಿಟ್ಟು ನೋಡಿ. ಕೆರಾಟಿನ್ ತುಂಬಿದ ಕೋಶ ಉಜ್ವಲ ಕಿತ್ತಳೆ. ಮೇಲ್ಪದರದ ಕೋಶ ಗುಲಾಬಿ. ಮಧ್ಯದ ಪದರದ್ದು ನೀಲಿ ಹಸಿರು, ಸೈಟೋಪ್ಲಾಸಂ ಎಷ್ಟು ತೆಳು ಅಂದರೆ ಒಂದರ ಮೇಲೊಂದು ಬಿದ್ದ ಕೋಶಗಳ ನ್ಯೂಕ್ಲಿಯಸ್ಸೂ ಆಚೆಯಿಂದ ಕಾಣುತ್ತದೆ. ನ್ಯೂಕ್ಲಿಯಸ್ಸಿನ ಅಂಚು ಗೆರೆ ಎಳೆದಷ್ಟು ಸ್ಪಷ್ಟ. ಕಿತ್ತಳೆ ಬಣ್ಣದ ಕೋಶದ ನಡುವೆ ದೊಡ್ಡ, ಗಾಢ, ಅಂಚು ಸೊಟ್ಟಗಿರುವ ನ್ಯೂಕ್ಲಿಯಸ್ ಕಂಡರೆ ಅಲ್ಲಿ ನಿಂತು ನೋಡಿ. ಇಲ್ಲಿ ಹೇಳಿದ ಬೇರೆ ಯಾವ ಸ್ಟೇನೂ ಕೆರಾಟಿನ್ ಇರುವ ಕೋಶವನ್ನು ಹೀಗೆ ಎತ್ತಿ ತೋರಿಸುವುದಿಲ್ಲ. ಎಲೆ ಅಡಿಕೆ ಹಾಕುವವರ ಬಾಯಿಗೆ ನಾನು ಪ್ಯಾಪ್ ಪರ ನಿಲ್ಲುವುದು ಇದಕ್ಕೇ. ತೊಂದರೆ ಏನೆಂದರೆ ಜಾಡಿಗಳು ಹಲವು, ಆಲ್ಕೋಹಾಲ್ ಖರ್ಚು ಜಾಸ್ತಿ, ಸಮಯವೂ ಬೇಕು. ಬೇಗ ಮುಗಿಯುವ ರ‍್ಯಾಪಿಡ್ ಪ್ಯಾಪ್ ವಿಧಾನಗಳೂ ಇವೆ. ಅವುಗಳಲ್ಲೊಂದರಲ್ಲಿ ಆಲ್ಕೋಹಾಲಿನ ಬಹುಭಾಗವನ್ನು ಬಿಟ್ಟು ಶೇ. 1ರ ಅಸಿಟಿಕ್ ಆಮ್ಲ ಬಳಸುತ್ತಾರೆ. ಖರ್ಚು ಚಿಂತೆ ಇರುವ ಲ್ಯಾಬಿನವರು ಮೊದಲು ಹೋಲಿಸಬೇಕಾದದ್ದು ಇದನ್ನೇ.

ಜೀಮ್ಸಾ. ಒಣ ಸ್ಲೈಡ್, ಮೆಥನಾಲ್ 5ರಿಂದ 10 ನಿಮಿಷ, ಬಫರಿನಲ್ಲಿ ಹತ್ತಕ್ಕೆ ಒಂದು ಪಾಲು ಕಲಸಿದ ಸ್ಟೇನ್ 20ರಿಂದ 30 ನಿಮಿಷ, ತೊಳೆದು ಒಣಗಿಸಿ. ತಾಲೂಕು ಆಸ್ಪತ್ರೆಯ ಲ್ಯಾಬಿನಲ್ಲಿ ಮಲೇರಿಯಾ ನೋಡಲು ಇದು ಇದ್ದೇ ಇರುತ್ತದೆ. ಸುಲಭ, ಅಗ್ಗ. ಬ್ಯಾಕ್ಟೀರಿಯಾ, ಫಂಗಸ್, ಉರಿಯೂತದ ಕೋಶ ಚೆನ್ನಾಗಿ ಕಾಣುತ್ತವೆ. ಆದರೆ ಕೋಶ ದಪ್ಪವಾಗಿ ಕೂತಲ್ಲಿ ಎಲ್ಲ ಒಂದೇ ನೀಲಿ. ಮೈಕ್ರೋನ್ಯೂಕ್ಲಿಯಸ್ ಎಣಿಕೆಗೆ ಇದನ್ನು ಬಳಸಲೇಬೇಡಿ. ಕೋಶದ ಮೇಲೆ ಕೂತ ಬ್ಯಾಕ್ಟೀರಿಯಾ, ಕೆರಾಟಿನ್ ಕಣ ಎರಡೂ ಮೈಕ್ರೋನ್ಯೂಕ್ಲಿಯಸ್‌ನಂತೆಯೇ ಕಾಣುತ್ತವೆ, ಎಣಿಕೆ ಸುಳ್ಳೇ ಏರುತ್ತದೆ.

ಎಚ್ ಅಂಡ್ ಇ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬಯಾಪ್ಸಿ ಓದುವ ಕಣ್ಣಿಗೆ ಪರಿಚಿತ. ಆದರೆ ಸೈಟೋಪ್ಲಾಸಂ ಎಲ್ಲ ಗುಲಾಬಿಯೇ, ಕೆರಾಟಿನ್ ಬೇರೆಯಾಗಿ ಕಾಣುವುದಿಲ್ಲ.

ಫೂಲ್ಗನ್. 60 ಡಿಗ್ರಿ ಬಿಸಿಯ 1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಸುಮಾರು 8ರಿಂದ 10 ನಿಮಿಷ, ಆಮೇಲೆ ಕತ್ತಲಲ್ಲಿ ಶಿಫ್ ದ್ರಾವಣ. ಆಮ್ಲ ಡಿಎನ್‌ಎಯ ಬಾಗಿಲು ತೆರೆಯುತ್ತದೆ, ಶಿಫ್ ಅಲ್ಲಿ ಕೆಂಪು ನೇರಳೆಯಾಗಿ ಕೂರುತ್ತದೆ. ಹಿನ್ನೆಲೆಗೆ ಫಾಸ್ಟ್ ಗ್ರೀನ್. ಡಿಎನ್‌ಎಗೆ ಬಿಟ್ಟು ಬೇರೆಲ್ಲೂ ಅಂಟದ ಕಾರಣ ಮೈಕ್ರೋನ್ಯೂಕ್ಲಿಯಸ್ ಎಣಿಸಲು ಇದೇ ನಂಬಿಕೆಯದ್ದು. ಕನಿಷ್ಠ 1000 ಕೋಶ ಎಣಿಸಿ. ಆಮ್ಲದ ಸಮಯ ಸ್ವಲ್ಪ ತಪ್ಪಿದರೂ ಬಣ್ಣ ಮಾಸುತ್ತದೆ, ವಾಟರ್ ಬಾತ್‌ನ ಬಿಸಿಯನ್ನು ಥರ್ಮಾಮೀಟರ್ ಇಟ್ಟು ನೋಡಿ.

ಬೆಳ್ಳಿ ಸ್ಟೇನ್, ಅಂದರೆ ಆಗ್‌ನಾರ್. ಶೇ. 50ರ ಸಿಲ್ವರ್ ನೈಟ್ರೇಟ್ ಎರಡು ಪಾಲು, ಶೇ. 1ರ ಫಾರ್ಮಿಕ್ ಆಮ್ಲದಲ್ಲಿ ಕರಗಿಸಿದ ಶೇ. 2ರ ಜೆಲಾಟಿನ್ ಒಂದು ಪಾಲು. ಬಳಸುವ ಹೊತ್ತಿಗೆ ಬೆರೆಸಿ, ಕತ್ತಲಲ್ಲಿ ಇಡಿ. ನ್ಯೂಕ್ಲಿಯಸ್ ಒಳಗೆ ಕಪ್ಪು ಚುಕ್ಕೆಗಳು ಕಾಣುತ್ತವೆ. ಕೋಶ ಚುರುಕಾಗಿ ವಿಭಜಿಸುತ್ತಿದ್ದಷ್ಟೂ ಚುಕ್ಕೆ ಜಾಸ್ತಿ, ಆಕಾರ ಅಡ್ಡಾದಿಡ್ಡಿ. ದುಬಾರಿ ಕೆಲಸ. ಕೈಗೆ ಗ್ಲೌಸ್ ಹಾಕಿ, ಕಪ್ಪು ಕಲೆ ಬೇಗ ಹೋಗುವುದಿಲ್ಲ.

ಟೊಲುಯಿಡಿನ್ ಬ್ಲೂ ಬೇರೆ ಸಾಲಿಗೆ ಸೇರಿದ್ದು. ಅದನ್ನು ನೇರ ಬಾಯಿಯಲ್ಲೇ ಹಚ್ಚಿ, ಅಸಿಟಿಕ್ ಆಮ್ಲದಲ್ಲಿ ತೊಳೆದು, ಗಾಢ ನೀಲಿ ಉಳಿದ ಜಾಗ ಯಾವುದು ಎಂದು ನೋಡುತ್ತಾರೆ. ಹಲ್ಲು ತಾಗಿ ಆದ ಮಾಮೂಲಿ ಹುಣ್ಣೂ ನೀಲಿ ಹಿಡಿಯುತ್ತದೆ, ಆದ್ದರಿಂದ ಎರಡು ವಾರ ಬಿಟ್ಟು ಮತ್ತೆ ಹಚ್ಚಿ ನೋಡಬೇಕು. ಮಚ್ಚೆ ದೊಡ್ಡದಿದ್ದಾಗ ಬ್ರಷ್ ಎಲ್ಲಿ ಒತ್ತಬೇಕು, ಬಯಾಪ್ಸಿ ಎಲ್ಲಿಂದ ತೆಗೆಯಬೇಕು ಎಂದು ತೋರಿಸಲು ಒಳ್ಳೆಯದು. ಸ್ಮಿಯರ್ ಸ್ಟೇನುಗಳ ಜೊತೆ ಇದನ್ನು ಒಂದೇ ಪಟ್ಟಿಯಲ್ಲಿ ಹೋಲಿಸಬೇಡಿ.

ಹಂತ 7: ಓದುವುದು, ಲೆಕ್ಕ ಹಾಕುವುದು

ಇಬ್ಬರು ಬೇರೆ ಬೇರೆಯಾಗಿ ಕೂತು ಓದಬೇಕು. ರೋಗಿ ಯಾರು, ಮಚ್ಚೆ ಹೇಗಿತ್ತು, ಇನ್ನೊಬ್ಬರು ಏನು ಬರೆದರು ಎನ್ನುವುದು ಗೊತ್ತಿರಬಾರದು. ಸ್ಟೇನ್ ಯಾವುದು ಎನ್ನುವುದನ್ನು ಮುಚ್ಚಿಡಲು ಆಗುವುದಿಲ್ಲ, ಬಣ್ಣವೇ ಹೇಳಿಬಿಡುತ್ತದೆ. ಅದಕ್ಕೆ ಒಂದೇ ರೋಗಿಯ ಸ್ಲೈಡುಗಳನ್ನು ಒಂದೇ ದಿನ ಓದಬೇಡಿ.

ನ್ಯೂಕ್ಲಿಯಸ್ಸಿನ ಸ್ಪಷ್ಟತೆ, ಸೈಟೋಪ್ಲಾಸಂ, ಹಿನ್ನೆಲೆ, ಕೋಶಗಳ ಉಳಿವು ಇವಕ್ಕೆ 1ರಿಂದ 3ರವರೆಗೆ ಅಂಕ ಕೊಡಿ. ಇದು ಸ್ಲೈಡಿನ ಗುಣದ ಅಂಕ. ಇದರ ಜೊತೆ ತೀರ್ಪನ್ನೂ ಬೇರೆಯಾಗಿ ಬರೆಯಿರಿ: ಸ್ಮಿಯರ್ ಸಾಲದು, ನೆಗೆಟಿವ್, ಎಟಿಪಿಕಲ್ (ಸಹಜವಲ್ಲ, ಖಚಿತವೂ ಅಲ್ಲ), ಪಾಸಿಟಿವ್. ನೋಡಲು ಅಂದವಾದ ಸ್ಲೈಡ್ ರೋಗ ಹಿಡಿಯುವುದರಲ್ಲಿ ಹಿಂದೆ ಬೀಳಬಹುದು. ಎರಡನ್ನೂ ಕೂಡಿಸಿ ಒಂದೇ ಅಂಕ ಮಾಡಿದರೆ ಅದು ಮುಚ್ಚಿಹೋಗುತ್ತದೆ. ಸಾಲದು ಎಂದು ಬಂದ ಸ್ಲೈಡುಗಳನ್ನು ಲೆಕ್ಕದಿಂದ ಬಿಟ್ಟುಬಿಡಬೇಡಿ. ಯಾವ ಸ್ಟೇನಿನಲ್ಲಿ ಅವು ಜಾಸ್ತಿ ಎನ್ನುವುದೂ ಒಂದು ಉತ್ತರವೇ.

ಉದಾಹರಣೆಗೆ ಅಂತ ಇಟ್ಟುಕೊಳ್ಳಿ, 60 ಜನರಿಗೆ ಬಯಾಪ್ಸಿ ಆಗಿದೆ, 20 ಜನರಲ್ಲಿ ಡಿಸ್ಪ್ಲೇಸಿಯಾ ಇದೆ. ಪ್ಯಾಪ್ 15 ಜನರನ್ನು ಹಿಡಿಯಿತು, ಅಂದರೆ ಸೆನ್ಸಿಟಿವಿಟಿ ಶೇ. 75. ಜೀಮ್ಸಾ 12 ಹಿಡಿಯಿತು, ಶೇ. 60. ರೋಗ ಇಲ್ಲದ 40 ಜನರಲ್ಲಿ ಪ್ಯಾಪ್ 4 ಜನರಿಗೆ ಸುಳ್ಳು ಅನುಮಾನ ತೋರಿಸಿತು, ಸ್ಪೆಸಿಫಿಸಿಟಿ ಶೇ. 90. ಇಲ್ಲಿ ಒಬ್ಬರದ್ದೇ ಬಾಯಿಯಿಂದ ಎರಡೂ ಸ್ಲೈಡ್ ಬಂದಿವೆ. ಆದ್ದರಿಂದ ಮಾಮೂಲಿ ಕೈ-ಸ್ಕ್ವೇರ್ ಬೇಡ, ಮ್ಯಾಕ್‌ನೆಮಾರ್ ಪರೀಕ್ಷೆ ಬಳಸಿ. ಓದಿದ ಇಬ್ಬರ ಒಮ್ಮತ ನೋಡಲು ಕಪ್ಪಾ. ಸ್ಮಿಯರಿನಲ್ಲಿ ಅನುಮಾನ ಬಂದವರಿಗೆ ಮಾತ್ರ ಬಯಾಪ್ಸಿ ಮಾಡಿದರೆ ಸ್ಟೇನ್ ತಪ್ಪಿಸಿಕೊಂಡ ರೋಗಿಗಳು ಲೆಕ್ಕಕ್ಕೇ ಬರುವುದಿಲ್ಲ, ಸೆನ್ಸಿಟಿವಿಟಿ ಸುಳ್ಳೇ ಚೆನ್ನಾಗಿ ಕಾಣುತ್ತದೆ. ಬಯಾಪ್ಸಿ ಮಾಡಬೇಕೋ ಬೇಡವೋ ಎನ್ನುವುದು ಮಚ್ಚೆ ನೋಡಿದಾಗಲೇ ತೀರ್ಮಾನ ಆಗಿರಬೇಕು.

ಹಂತ 8: ಆಯ್ಕೆ, ಆಮೇಲಿನ ಕೆಲಸ

ಕ್ಯಾಂಪಿಗೆ ನನ್ನ ಆಯ್ಕೆ ಒಂದು ಪ್ಯಾಪ್, ಒಂದು ಜೀಮ್ಸಾ. ಕೋಶದ ತೀರ್ಪು ಪ್ಯಾಪ್‌ನಿಂದ, ಫಂಗಸ್ ಮತ್ತು ಉರಿಯೂತ ಜೀಮ್ಸಾದಿಂದ. ಫೂಲ್ಗನ್, ಬೆಳ್ಳಿ ಎರಡನ್ನೂ ಸಂಶೋಧನೆಗೆ ಇಟ್ಟುಕೊಳ್ಳಿ.

ಕ್ಯಾಂಪಿನ ದಿನ ನೋಡಿ ಇಡಿ. ನವೆಂಬರಿನಿಂದ ಫೆಬ್ರವರಿವರೆಗೆ ಕಾಫಿ ಕುಯ್ಲು, ದಿನಗೂಲಿ ಕಳೆದುಕೊಂಡು ಯಾರೂ ಬರುವುದಿಲ್ಲ. ಸಂತೆಯ ದಿನ ಸಂತೆ ಹತ್ತಿರವೇ ಕೂತರೆ ಜನ ಸಿಗುತ್ತಾರೆ. ಆಶಾ ಅಕ್ಕನವರನ್ನು ಮೊದಲೇ ಕರೆಯಿರಿ. 30 ವರ್ಷ ದಾಟಿದವರ ಬಾಯಿ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ, ಮನೆ ಮನೆಯ ಪಟ್ಟಿ ಅವರ ಹತ್ತಿರ ಇರುತ್ತದೆ.

ಎಟಿಪಿಕಲ್ ಅಥವಾ ಪಾಸಿಟಿವ್ ಬಂದವರಿಗೆ ಫೋನ್ ಮಾಡಿ ಸುಮ್ಮನಾಗಬೇಡಿ. ಬಯಾಪ್ಸಿಯ ತಾರೀಖು, ಎಲ್ಲಿಗೆ ಬರಬೇಕು, ಯಾವ ಬಸ್ಸು, ಜೊತೆಗೆ ಯಾರು ಬರುತ್ತಾರೆ ಎಲ್ಲವನ್ನೂ ಕೂತು ಮಾತಾಡಿ. ಹಾಸನದಲ್ಲಿ ಡೆಂಟಲ್ ಕಾಲೇಜು ಇದೆ, ಹಿಮ್ಸ್ (ಸರ್ಕಾರಿ ಮೆಡಿಕಲ್ ಕಾಲೇಜು) ಇದೆ. ಚಿಕ್ಕಮಗಳೂರಿನಲ್ಲೂ ಈಗ ಸರ್ಕಾರಿ ಮೆಡಿಕಲ್ ಕಾಲೇಜಿದೆ. ಕ್ಯಾನ್ಸರ್ ಖಚಿತವಾದರೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ. ನೆಗೆಟಿವ್ ಬಂದವರಿಗೆ "ನಿಮಗೇನೂ ಇಲ್ಲ" ಎಂದು ಹೇಳಬೇಡಿ. "ಈ ಸ್ಲೈಡಿನಲ್ಲಿ ಕೆಟ್ಟದ್ದು ಕಂಡಿಲ್ಲ. ಹೊಗೆಸೊಪ್ಪು, ಅಡಿಕೆ ಎರಡನ್ನೂ ಬಿಡಿ, ಎರಡು ವಾರ ಬಿಟ್ಟು ತೋರಿಸಿ, ಮಚ್ಚೆ ಹಾಗೇ ಇದ್ದರೆ ಬಯಾಪ್ಸಿ ಮಾಡೋಣ" ಎನ್ನಿ. ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೇಳಿದೆ. ಅಡಿಕೆ ಬೆಳೆಯುವ ಊರಿನಲ್ಲಿ ಈ ಮಾತು ಹೇಳುವುದು ಕಷ್ಟ, ಆದರೂ ಹೇಳಿ. ಬರುವ ತಾರೀಖನ್ನು ಅವರ ಚೀಟಿಯಲ್ಲೂ ನಿಮ್ಮ ರಿಜಿಸ್ಟರಿನಲ್ಲೂ ಬರೆದು, ಮನೆಯಲ್ಲಿ ಫೋನ್ ಎತ್ತುವ ಮಗ ಅಥವಾ ಸೊಸೆಯ ನಂಬರ್ ತೆಗೆದುಕೊಳ್ಳಿ.